ಕಡ ಕೊಟ್ಟ ಪದವಿ

ಚಿಂತಾಮಣಿ
12 ಏಪ್ರಿಲ್ 2008

ಪ್ರೀತಿಯ ಶುಭಾ,

ಯುಗಾದಿಗೆ ನೀನು ಮದ್ರಾಸಿನಿಂದ ಹಾಕಿದ ಕಾಗದ ಬಂತು. ನಿನ್ನ ಭಾವ ಎಂದಿನಂತೆ ಬ್ಲೇಡು ಹಿಡಿದು ನಾಜೂಕಾಗಿ ಕವರು ಸೀಳಿ, ಓದಿ, ಮತ್ತೆ ಮಡಿಸಿ ನನ್ನ ಕೈಗೆ ಕೊಟ್ಟರು. "ಗಂಡ ಹೆಂಡ್ತಿ ಮಧ್ಯೆ ಗುಟ್ಟೇನಿರ್ತದೆ ಕನಕಾ" ಅನ್ನುತ್ತಾರೆ. ನಾನು ಬರೆದದ್ದನ್ನೂ ಅವರೇ ಓದಿ, ಕಾಗುಣಿತ ತಿದ್ದಿ, ಕಾಲೇಜಿಗೆ ಹೋಗುವಾಗ ಅಂಚೆಗೆ ಹಾಕುವುದು. ಇದರಲ್ಲಿ ಕೆಂಪು ಶಾಯಿ ಕಂಡರೆ ಗಾಬರಿಯಾಗಬೇಡ, ಅದು ಚರಿತ್ರೆ ಮೇಷ್ಟ್ರ ಕೈ. ನಮಸ್ಕಾರ ರೀ, ಇಲ್ಲಿಯವರೆಗೆ ತಪ್ಪೇನೂ ಇಲ್ಲ ತಾನೆ?

ಫೋನು ಮಾಡು ಅಂತೀಯ. ಫೋನು ಇರುವುದು ಅತ್ತೆಯ ಮಂಚದ ತಲೆದೆಸೆಯಲ್ಲಿ. "ಊಟ ಆಯ್ತಾ" ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ. ಅತ್ತೆ ಹಬ್ಬದಿಂದೀಚೆಗೆ ಹಾಸಿಗೆ ಬಿಟ್ಟು ಎದ್ದಿಲ್ಲ. ಕಾಫಿಗೆ ಸಕ್ಕರೆ ಹೆಚ್ಚಾಯಿತು ಅಂತ ಲೋಟ ವಾಪಸು ಬರುತ್ತದೆ, ಕಡಿಮೆಯಾಯಿತು ಅಂತ ಇನ್ನೊಂದು ಸಲ ಬರುತ್ತದೆ. ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ. ಅಡುಗೆಮನೆಯ ಗೋಡೆ ನೋಡಿ ನೋಡಿ ನನಗೆ ಅದರ ಬಿರುಕುಗಳೆಲ್ಲ ಬಾಯಿಪಾಠವಾಗಿವೆ. ಈ ಮನೆಯಲ್ಲಿ ಇನ್ನೊಂದು ವರ್ಷ ಇದ್ದರೆ ತಲೆ ಕೆಟ್ಟು ಹೋದೀತು ಕಣೇ. ಇದನ್ನು ಓದಿ ಇವರು ನಗುತ್ತಾರೆ. "ಬೈಕೋ, ಬೈಕೋ, ಮನಸ್ಸು ಹಗುರಾಗ್ತದೆ" ಅಂತ ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಗೌರಿಬಿದನೂರಿನ ಹುಡುಗಿಯರ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್ ಬೇಕೆಂದು ಈ ವರ್ಷವೂ ಪೇಪರಿನಲ್ಲಿ ಬಂದಿತ್ತು. ನನ್ನ ಎಂ.ಕಾಂ. ಸರ್ಟಿಫಿಕೇಟು, ಅಂಕಪಟ್ಟಿ ಎಲ್ಲ ಇವರ ಬೀರುವಿನಲ್ಲಿದೆ, ಕೀಲಿ ಇವರ ಜನಿವಾರದಲ್ಲಿದೆ. ಕೇಳಿದೆ. "ಮುಂದಿನ ವರ್ಷ ನೋಡಣ, ಅಮ್ಮನ್ನ ಯಾರು ನೋಡ್ಕೋತಾರೆ" ಅಂದರು. ಸರ್ಟಿಫಿಕೇಟು ಮಾತ್ರ ವರ್ಷಕ್ಕೊಂದು ಸಲ ಹೊರಗೆ ಬರುತ್ತದೆ. ಇವರ ಕಾಲೇಜಿಗೆ ತಪಾಸಣೆಯವರು ಬರುವ ದಿನ ನಾನು ಒಳ್ಳೆಯ ಸೀರೆ ಉಟ್ಟು ಸ್ಟಾಫ್ ರೂಮಿನಲ್ಲಿ ಲೆಕ್ಚರರ್ ಆಗಿ ಕೂರಬೇಕು. ಸಂಜೆಗೆ ಕಾಗದ ಬೀರುವಿಗೆ, ನಾನು ಅಡುಗೆಮನೆಗೆ. ಚರಿತ್ರೆ ಪಾಠದ ಜೊತೆಗೆ ಕಾಲೇಜನ್ನೂ ನಡೆಸುವ ಕಾರ್ಯದರ್ಶಿಯ ಹೆಂಡತಿಯಾದ ಮೇಲೆ ಇಷ್ಟು ಸಹಾಯ ಮಾಡದಿದ್ದರೆ ಹೇಗೆ? (ಈ ಸಾಲನ್ನು ಹೊಡೆದುಹಾಕಿದ್ದರೆ ಬೆಳಕಿಗೆ ಹಿಡಿದು ಓದು.)

ನಿನ್ನ ಕೆಲಸದ ವಿಷಯ ಬರಿ. ಅಮೆರಿಕದ ಯಾವುದೋ ಕಾರ್ಪೊರೇಟ್ ಬಾಂಡ್ ಇ.ಟಿ.ಎಫ್., ಅದರ ಶಾರ್ಟ್ ಇಂಟರೆಸ್ಟು ಅಂತ ಬರೆದಿದ್ದೆಯಲ್ಲ, ಏನದು? ನಾವು ಓದುವಾಗ ಇದೆಲ್ಲ ಇರಲಿಲ್ಲ. ಬಿಡಿಸಿ ಹೇಳು. ಇವರಿಗೆ ಲೆಕ್ಕ ಅಂದರೆ ಆಕಳಿಕೆ. ನನಗೆ ಮಾತ್ರ ದಿನಕ್ಕೆ ಅರ್ಧ ಗಂಟೆಯಾದರೂ ಮೆದುಳಿಗೆ ಏನಾದರೂ ಬೇಕು ಅನ್ನಿಸುತ್ತಿದೆ.

ನಿನ್ನ ಅಕ್ಕ,
ಕನಕ

*

ಮದ್ರಾಸು
3 ಮೇ 2008

ಅಕ್ಕ,

ಕೆಂಪು ಶಾಯಿ ಮೂರು ಕಡೆ ಇತ್ತು. ಹೊಡೆದುಹಾಕಿದ ಸಾಲನ್ನು ಕಿಟಕಿಗೆ ಹಿಡಿದು ಓದಿದೆ.

ಕೇಳು. ಕಂಪನಿಗಳು ಸಾಲ ಎತ್ತುವಾಗ ಒಂದು ಪತ್ರ ಬರೆದುಕೊಡುತ್ತವೆ: ವರ್ಷಕ್ಕೆ ಇಷ್ಟು ಬಡ್ಡಿ, ಇಂಥ ದಿನ ಅಸಲು ವಾಪಸು. ಅದೇ ಬಾಂಡು. ಇಂಥ ನೂರಾರು ಪತ್ರಗಳನ್ನು ಒಂದು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಸಮನಾದ ತುಂಡು ಮಾಡಿ, ಆ ತುಂಡುಗಳನ್ನು ಷೇರಿನ ಹಾಗೆ ಪೇಟೆಯಲ್ಲಿ ದಿನವಿಡೀ ಕೊಂಡು ಮಾರುವುದು ಇ.ಟಿ.ಎಫ್. ಇನ್ನು ಶಾರ್ಟು. ಚಿಕ್ಕಬಳ್ಳಾಪುರದ ನಮ್ಮ ಓಣಿಯಲ್ಲಿ ಅಮ್ಮ ಗಂಗುಲಮ್ಮನ ಹತ್ತಿರ ರಾಗಿ ಕಡ ತರುತ್ತಿದ್ದಳು, ನೆನಪಿದೆಯಾ? ಸೇರು ತಂದರೆ ಸೇರು ವಾಪಸು, ದುಡ್ಡಿನ ಮಾತಿಲ್ಲ, ಅದೇ ರಾಗಿಯೇ ಆಗಬೇಕೆಂದೂ ಇಲ್ಲ. ಅಮ್ಮ ಆ ಕಡದ ರಾಗಿಯನ್ನು ತಿನ್ನದೆ ಸಂತೆಯಲ್ಲಿ ಇವತ್ತಿನ ಬೆಲೆಗೆ ಮಾರಿಬಿಟ್ಟಳು ಅಂದುಕೋ. ಬೆಲೆ ಇಳಿದ ಮೇಲೆ ಕೊಂಡು ಗಂಗುಲಮ್ಮನಿಗೆ ಅಳೆದುಕೊಟ್ಟರೆ ನಡುವಿನದು ಲಾಭ. ಏರಿದರೆ ಕೈ ಸುಟ್ಟಿತು. ಅದೂ ಅಲ್ಲದೆ ಗಂಗುಲಮ್ಮ ಯಾವ ಹೊತ್ತಿನಲ್ಲಾದರೂ ಬಂದು "ನನ್ ರಾಗಿ ಕೊಡಮ್ಮ" ಅನ್ನಬಹುದು. ಕೇಳಿದರೆ ಎಲ್ಲಿಂದಾದರೂ ತಂದು ಕೊಡಲೇಬೇಕು.

ಹೀಗೆ ಕಡ ತಂದು ಮಾರಿ, ಇನ್ನೂ ತೀರಿಸದೆ ಉಳಿದ ತುಂಡುಗಳ ಒಟ್ಟು ಲೆಕ್ಕವೇ ಶಾರ್ಟ್ ಇಂಟರೆಸ್ಟು. ಹೆಸರಿಗೆ ಇಂಟರೆಸ್ಟು, ಬಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ತಿಂಗಳಿಗೆ ಎರಡು ಸಲ ಪ್ರಕಟಿಸುತ್ತಾರೆ. ದಿನಕ್ಕೆ ಸರಾಸರಿ ಎಷ್ಟು ತುಂಡು ಕೈ ಬದಲಾಗುತ್ತದೋ ಅದರಿಂದ ಭಾಗಿಸಿದರೆ, ಎಲ್ಲರೂ ಕಡ ತೀರಿಸಿ ಹೊರಬರಲು ಎಷ್ಟು ದಿನ ಹಿಡಿದೀತು ಎಂದು ಅಂದಾಜಾಗುತ್ತದೆ.

ನಾನು ನೋಡುವ ನಿಧಿಯಲ್ಲಿ ಇದು ಏರುತ್ತಲೇ ಇದೆ. ಇಷ್ಟು ಜನ ಮಾರುತ್ತಿದ್ದಾರೆ ಅಂದಮೇಲೆ ಈ ಬುಟ್ಟಿ ಉರುಳುತ್ತದೆ, ಎಲ್ಲರೂ ಬಾಗಿಲ ಕಡೆ ಹೊರಟಿದ್ದಾರೆ ಎಂದು ವರದಿ ಬರೆದಿದ್ದೇನೆ. ನಿನ್ನ ಕಾಗದಗಳನ್ನೂ ಸಾಲಾಗಿ ಇಟ್ಟುಕೊಂಡು ಓದಿದೆ ಅಕ್ಕ. ದೂರು ಪ್ರತಿ ಸಲವೂ ಒಂದಿಷ್ಟು ಹೆಚ್ಚು. ಭಾವ ಓದಿದರೆ ಓದಲಿ. ನೀನು ಹೊರಡಲು ಸಿದ್ಧಳಾಗಿದ್ದೀಯ ಅಂತಲೇ ನನಗೆ ಅನ್ನಿಸುತ್ತಿದೆ. ನಾನು ಸುಮ್ಮನೆ ಕೂರುವುದಿಲ್ಲ.

ಶುಭಾ

*

ಚಿಂತಾಮಣಿ
20 ಜೂನ್ 2008

ಶುಭಾ,

ಅಪ್ಪನನ್ನು ಕಳಿಸಿದ್ದು ನೀನೇ ತಾನೆ? ಸುಳ್ಳು ಹೇಳಬೇಡ, ಅಪ್ಪ ತಾನೇ ಹೇಳಿದರು. "ನೀನು ತಯಾರಾಗಿದೀಯಂತಲ್ಲಮ್ಮ" ಅಂತ.

ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಬಂದರು. ಕೈಯಲ್ಲಿ ಒಂದು ಸೂಟ್‌ಕೇಸು. ಎತ್ತಿ ಒಳಗಿಡೋಣ ಅಂತ ಹಿಡಿದರೆ ಹಗುರ. ಖಾಲಿ. ನನ್ನ ಸೀರೆ ತುಂಬಿಕೊಂಡು ಹೋಗಲು ತಂದಿದ್ದರು. ತಾಲ್ಲೂಕು ಕಚೇರಿಯಲ್ಲಿ ಅಷ್ಟು ವರ್ಷ ಗುಮಾಸ್ತರಾಗಿದ್ದ ಮನುಷ್ಯ ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಆ ಸೂಟ್‌ಕೇಸನ್ನು ಕಾಲಿನ ಹತ್ತಿರ ಇಟ್ಟುಕೊಂಡು ಹಾಲ್‌ನಲ್ಲಿ ಕೂತಿದ್ದರು. ಇವರು ತಾವೇ ಕಾಫಿ ತಂದುಕೊಟ್ಟರು. ಆಮೇಲೆ ನನ್ನನ್ನು ಕರೆದು, ಅತ್ತೆಯ ಮುಂದೆ, ಮನೆಪಾಠಕ್ಕೆ ಬಂದಿದ್ದ ಹುಡುಗಿಯರ ಮುಂದೆ ಕೇಳಿದರು: "ಕನಕಾ, ನಿಮ್ಮಪ್ಪ ಕರ್ಕೊಂಡೋಗೋಕೆ ಬಂದವ್ರೆ. ಹೋಗ್ತೀಯೇನಮ್ಮ? ಹೋಗೋದಾದ್ರೆ ಹೋಗು, ನಾನೇನ್ ಕಟ್ ಹಾಕಿಲ್ಲ." ನಗುತ್ತಲೇ ಕೇಳಿದರು.

ಇಲ್ಲ ಅಂದೆ.

ಅಪ್ಪ ಐದು ಗಂಟೆಯ ಬಸ್ಸಿಗೆ ಹೊರಟುಹೋದರು. ಕೈಯಲ್ಲಿ ಅದೇ ಸೂಟ್‌ಕೇಸು. ಬಸ್ ಸ್ಟ್ಯಾಂಡಿನವರೆಗೆ ಇವರೇ ಸ್ಕೂಟರಿನಲ್ಲಿ ಬಿಟ್ಟುಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಗೊತ್ತಾ? ಎದುರಿಗಿದ್ದರೆ ಕಿವಿ ಹಿಂಡುತ್ತಿದ್ದೆ.

ಎಲ್ಲಿಗೆ ಬರಲಿ ಶುಭಾ? ಕಾಗದವಿಲ್ಲದ ಎಂ.ಕಾಂ. ಅನ್ನು ಯಾವ ಕಾಲೇಜು ನಂಬುತ್ತದೆ? ಅಪ್ಪನ ಪಿಂಚಣಿಯಲ್ಲಿ ಪಾಲು ಕೇಳಿಕೊಂಡು, ಬಂದವರಿಗೆಲ್ಲ ಯಾಕೆ ಬಂದೆ ಎಂದು ಹೇಳಿಕೊಂಡು ಕೂರಲಾ? ಇವರು ಹೊಡೆಯುವವರಲ್ಲ, ಕುಡಿಯುವವರಲ್ಲ. ಮಕ್ಕಳಾಗಲಿಲ್ಲ ಅಂತ ಒಂದು ದಿನವೂ ಅಂದವರಲ್ಲ. ನಾನು ಏನು ಹೇಳಿದರೂ ಊರಿನವರ ಕಿವಿಗೆ ಅದು ಕೊಬ್ಬಿನ ಮಾತು. ದೂರು ಹೇಳಿಕೊಂಡು ದಿನ ತಳ್ಳುತ್ತಿದ್ದೆ. ಅದನ್ನು ನೀನು ಹೊರಡುವ ಗಂಟೆ ಅಂತ ತಿಳಿದೆ.

ನಿನ್ನ ವರದಿಯ ಬಗ್ಗೆಯೂ ಒಂದು ಪ್ರಶ್ನೆ ಇದೆ. ಆ ಬಾಂಡುಗಳನ್ನೇ ಮನೆಯಲ್ಲಿ ಇಟ್ಟುಕೊಂಡವರು ಇರುತ್ತಾರಲ್ಲ. ಮಾರೋಣ ಅಂದರೆ ಕೊಳ್ಳುವವರಿಲ್ಲ, ಇಟ್ಟುಕೊಳ್ಳೋಣ ಅಂದರೆ ಭಯ. ಅವರು ಏನು ಮಾಡುತ್ತಾರೆ?

ಕನಕ

(ಇದನ್ನು ಓದಿದ ಇವರು "ನಾನು ಸ್ಕೂಟರಿನಲ್ಲಿ ಬಿಟ್ಟದ್ದನ್ನು ಬರೆದದ್ದು ಒಳ್ಳೆಯದಾಯಿತು" ಅಂದರು.)

*

ಮದ್ರಾಸು
28 ಸೆಪ್ಟೆಂಬರ್ 2008

ಅಕ್ಕ,

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಅಪ್ಪ ಫೋನು ಮಾಡಿದ್ದರು. ಸೂಟ್‌ಕೇಸು ಅಟ್ಟಕ್ಕೆ ಹಾಕಿದ್ದೇನೆ ಎಂದು ಮಾತ್ರ ಹೇಳಿದರು. ತಪ್ಪಾಯಿತು ಅಕ್ಕ.

ಈ ತಿಂಗಳು ಅಮೆರಿಕದಲ್ಲಿ ದೊಡ್ಡದೊಂದು ಬ್ಯಾಂಕು ಮುಳುಗಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕಚೇರಿಯಲ್ಲಿ ಯಾರೂ ನೆಟ್ಟಗೆ ಊಟ ಮಾಡಿಲ್ಲ. ನನ್ನ ವರದಿ ವಾಪಸು ಬಂತು. ನಮ್ಮ ಹಿರಿಯರು ವೇಣು ಅಂತ, ಮಾತು ಕಡಿಮೆ. "ಕಡ ತಂದವ್ರ ಲೆಕ್ಕ ಬರ್ದಿದೀಯ. ಅವ್ರ ಮನೇಲಿ ಏನಿದೆ ಅಂತ ಯಾಕಮ್ಮ ಕೇಳ್ಲಿಲ್ಲ?" ಅಂದರು. ನೀನು ಜೂನ್‌ನಲ್ಲಿ ಕೇಳಿದ್ದ ಪ್ರಶ್ನೆ. ಕಾಗದ ತೆಗೆದು ಮತ್ತೆ ಓದಿ ಅಲ್ಲೇ ಕೂತುಬಿಟ್ಟೆ.

ಉತ್ತರ ಇದು. ಒಂದೊಂದು ಬಾಂಡೂ ಬೇರೆ ಬೇರೆ, ಅದಕ್ಕೆ ಸಂತೆ ಅಂತ ಇಲ್ಲ. ದಲ್ಲಾಳಿಗೆ ಫೋನು ಮಾಡಿ ಕೇಳಬೇಕು, ಈಗ ದಲ್ಲಾಳಿಗಳು ಫೋನೇ ಎತ್ತುತ್ತಿಲ್ಲ. ಆದರೆ ಬುಟ್ಟಿಯ ತುಂಡು ಮಾತ್ರ ಪ್ರತಿ ನಿಮಿಷವೂ ಮಾರಾಟವಾಗುತ್ತದೆ. ಹಾಗಾಗಿ ಬಾಂಡು ಇಟ್ಟುಕೊಂಡು ಸಿಕ್ಕಿಬಿದ್ದವರು ಅದೇ ಜಾತಿಯ ಬುಟ್ಟಿಯ ತುಂಡನ್ನು ಕಡ ತಂದು ಮಾರುತ್ತಾರೆ. ಬೆಲೆ ಬಿದ್ದರೆ ಮನೆಯ ಬಾಂಡಿನಲ್ಲಿ ಹೋದದ್ದು ಇಲ್ಲಿ ಸ್ವಲ್ಪ ಬರುತ್ತದೆ. ಹೊಲದಲ್ಲಿ ಹಸಿರು ರಾಗಿ ನಿಂತಿದೆ, ಕೊಯ್ಯಲು ಕಾಲವಾಗಿಲ್ಲ, ಬೆಲೆ ಇಳಿಯುವ ಭಯ. ಅಂಥವನು ಗಂಗುಲಮ್ಮನ ರಾಗಿ ಕಡ ತಂದು ಇವತ್ತೇ ಮಾರುತ್ತಾನೆ. ಅವನಿಗೆ ರಾಗಿ ಹಾಳಾಗಲಿ ಅಂತೇನಿಲ್ಲ, ಅವನದೇ ಹೊಲ ಇದೆಯಲ್ಲ. ಬೆಲೆ ಬೀಳುತ್ತದೆ ಅಂತ ಬಾಜಿ ಕಟ್ಟುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಏರಿದ ಲೆಕ್ಕದಲ್ಲಿ ಎಷ್ಟೋ ಮಂದಿ ಹೊರಡುತ್ತಿರುವವರಲ್ಲ. ಹೊರಡಲಾಗದೆ ಕೂತವರು. ನಾನು ಅದನ್ನೂ ತಲೆಕೆಳಗಾಗಿ ಓದಿದೆ, ನಿನ್ನ ದೂರುಗಳನ್ನೂ ಹಾಗೇ ಓದಿದೆ.

ಇನ್ನೊಂದು ವೇಣು ಹೇಳಿದ್ದು. ಲೆಕ್ಕ ಇಳಿದಾಗಲೂ ಅವಸರ ಪಡಬೇಡ ಅಂದರು. ಭಯ ಹೋಗಿ ಕಡ ತೀರಿಸಿರಬಹುದು. ಅಥವಾ ಮನೆಯಲ್ಲಿದ್ದ ಬಾಂಡನ್ನೇ ಹೇಗೋ ದಾಟಿಸಿರಬಹುದು, ಕಾಪಾಡಿಕೊಳ್ಳಲು ಏನೂ ಉಳಿದಿರುವುದಿಲ್ಲ. ಬರೀ ಲೆಕ್ಕ ನೋಡಿದರೆ ಯಾವುದು ಅಂತ ತಿಳಿಯುವುದಿಲ್ಲ.

ನೀನು ಎಷ್ಟು ಬೇಕಾದರೂ ದೂರು ಬರಿ. ನಾನು ಓದುತ್ತೇನೆ, ಯಾರನ್ನೂ ಕಳಿಸುವುದಿಲ್ಲ.

ಶುಭಾ

*

ಚಿಂತಾಮಣಿ
30 ಅಕ್ಟೋಬರ್ 2008

ಚಿ. ಸೌ. ಶುಭಾಳಿಗೆ ಗಣೇಶ್ ಪ್ರಸಾದ್ ಮಾಡುವ ಆಶೀರ್ವಾದಗಳು.

ನಿನ್ನ ಅಕ್ಕನ ಪರವಾಗಿ ಈ ಸಲ ನಾನೇ ಬರೆಯುತ್ತಿದ್ದೇನೆ. ನಿನಗೆ ಸಂತೋಷವಾಗುವ ಸಮಾಚಾರವಿದೆ. ದೀಪಾವಳಿಯ ಹೊತ್ತಿಗೆ ಕನಕಳಲ್ಲಿ ಬಹಳ ಬದಲಾವಣೆಯಾಗಿದೆ. ಗೊಣಗಾಟವಿಲ್ಲ. ಅಮ್ಮ ಕಾಫಿ ವಾಪಸು ಕಳಿಸಿದರೆ ಒಂದು ಮಾತಾಡದೆ ಬೇರೆ ಮಾಡಿ ತರುತ್ತಾಳೆ. ನೀರು ಬಾರದಿದ್ದರೂ ಸುಮ್ಮನಿರುತ್ತಾಳೆ. ಗೌರಿಬಿದನೂರಿನ ಹೆಸರೆತ್ತಿ ಆರು ವಾರವಾಯಿತು. ಜೂನ್‌ನಲ್ಲಿ ನಡೆದದ್ದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ. ತಾಳ್ಮೆಯಿಂದ ನಡೆದುಕೊಂಡರೆ ಎಂಥ ಹೆಣ್ಣಾದರೂ ಹೊಂದಿಕೊಳ್ಳುತ್ತಾಳೆ ಎಂಬುದಕ್ಕೆ ಇದು ಸಾಕ್ಷಿ.

ನಿನ್ನ ರಾಗಿ, ಕಡ, ಬುಟ್ಟಿಯ ಪುಟಗಳನ್ನು ನಾನು ಓದುವುದಿಲ್ಲ. ತಲೆನೋವು ಬರುತ್ತದೆ. ಅವಳು ಮಾತ್ರ ಮತ್ತೆ ಮತ್ತೆ ಓದುತ್ತಾಳೆ. ಪಾಪ, ಓದಿದವಳು, ಅಷ್ಟಾದರೂ ಇರಲಿ. ಡಿಸೆಂಬರ್ ಮೊದಲ ವಾರ ನಮ್ಮ ಕಾಲೇಜಿನ ತಪಾಸಣೆ ಇದೆ. ಅವಳೇ ನೆನಪಿಸಿದಳು. ಹೊಸ ಸೀರೆಗೆ ಬ್ಲೌಸು ಹೊಲಿಸಿಕೊಂಡಿದ್ದಾಳೆ.

ಗಣೇಶ್ ಪ್ರಸಾದ್

*

ಚಿಂತಾಮಣಿ
15 ನವೆಂಬರ್ 2008

ಪ್ರೀತಿಯ ಶುಭಾ,

ನಾವೆಲ್ಲ ಕ್ಷೇಮ. ಅತ್ತೆ ಚೆನ್ನಾಗಿದ್ದಾರೆ. ನೀರು ಬರುತ್ತಿದೆ. ಅವರೆಕಾಯಿ ಶುರುವಾಗಿದೆ, ನಿನ್ನೆ ಹಿದುಕಿದ ಬೇಳೆ ಸಾರು ಮಾಡಿದ್ದೆ, ಎಲ್ಲರೂ ಮೆಚ್ಚಿಕೊಂಡರು. ಇಲ್ಲಿ ಹೇಳಿಕೊಳ್ಳುವಂಥ ತೊಂದರೆ ಏನೂ ಇಲ್ಲ.

ನಿನ್ನ ಇ.ಟಿ.ಎಫ್. ಪಾಠದಲ್ಲಿ ಒಂದು ಅನುಮಾನ ಉಳಿದಿದೆ. ಕಡ ಕೊಟ್ಟವರು ತುಂಡನ್ನು ವಾಪಸು ಕೇಳುವಾಗ ಕಾರಣ ಹೇಳಬೇಕೇ?

ನಿನ್ನ ಅಕ್ಕ,
ಕನಕ

*

ಮದ್ರಾಸು
21 ನವೆಂಬರ್ 2008

ಅಕ್ಕ,

ನಿನ್ನ ಕಾಗದದಲ್ಲಿ ಒಂದು ದೂರೂ ಇಲ್ಲ. ಹುಟ್ಟಿದಾಗಿನಿಂದ ನಿನ್ನನ್ನು ಬಲ್ಲೆ, ಮದುವೆಯ ದಿನವೂ ಜಡೆ ಬಿಗಿಯಾಯಿತು ಅಂತ ಬೈದವಳು ನೀನು. ಭಾವನ ಕಾಗದ ಸಂತೋಷದ್ದು, ನನಗೆ ಮಾತ್ರ ಲೆಕ್ಕ ಇಳಿಯುವುದರ ಬಗ್ಗೆ ವೇಣು ಹೇಳಿದ ಎರಡನೆಯ ಮಾತೇ ತಲೆಯಲ್ಲಿ ತಿರುಗುತ್ತಿದೆ. ಎರಡು ಸಲ ಫೋನಿನ ಮುಂದೆ ಹೋಗಿ ನಿಂತು ವಾಪಸು ಬಂದೆ. ಕೊಟ್ಟ ಮಾತಿದೆ, ಯಾರನ್ನೂ ಕಳಿಸುವುದಿಲ್ಲ, ಅಪ್ಪನನ್ನೂ. ನೀನು ಜೋಪಾನವಾಗಿರು, ಅಷ್ಟು ಸಾಕು.

ಪ್ರಶ್ನೆಗೆ ಉತ್ತರ. ಕಡ ಕೊಟ್ಟವರು ಕಾರಣ ಹೇಳಬೇಕಾಗಿಲ್ಲ. ತುಂಡು ಅವರದೇ. ಕೇಳಿದರೆ ಸಾಕು.

ಶುಭಾ

*

ಶಿಡ್ಲಘಟ್ಟ
5 ಡಿಸೆಂಬರ್ 2008

ಶುಭಾ,

ಈ ಕಾಗದವನ್ನು ಯಾರೂ ಓದಿಲ್ಲ. ಕಾಗುಣಿತದ ತಪ್ಪುಗಳೆಲ್ಲ ನನ್ನವೇ. ಅಕ್ಕಯ್ಯಮ್ಮ ದೊಡ್ಡಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರೆ ಇವರು ಮೊದಲು ಅಲ್ಲಿಗೇ ಬಂದು, ಅಪ್ಪನ ಎದುರು ನಗುತ್ತಾ ಕೂರುತ್ತಿದ್ದರು. ಆ ನಗುವಿನ ಮುಂದೆ ನಾನು ಇನ್ನೊಂದು ಸಲ ಇಲ್ಲ ಅಂದುಬಿಡುತ್ತೇನೋ ಅಂತ ಹೆದರಿಕೆಯಾಯಿತು.

ಬುಧವಾರ ತಪಾಸಣೆ. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಇವರು ನೀಲಿ ಫೈಲನ್ನು ನನ್ನ ಕೈಗೆ ಕೊಟ್ಟರು. ಪ್ರತಿ ವರ್ಷ ತೋರಿಸಿ ಮುಗಿದ ಕೂಡಲೇ ಅವರೇ ಇಸಿದುಕೊಳ್ಳುವುದು. ಬಂದವರು ಮೂವರು. ದೊಡ್ಡವರು ನನ್ನ ಅಂಕಪಟ್ಟಿ ತಿರುವಿ "ರ‍್ಯಾಂಕ್ ಬಂದವ್ರೆಲ್ಲ ಇಲ್ಲೇ ಅವ್ರೆ!" ಅಂತ ಇವರನ್ನು ಹೊಗಳಿದರು. ಆಮೇಲೆ ಫೈಲು ನನ್ನ ಕೈಗೆ ಬಂತು. ಇವರು ಪಕ್ಕದಲ್ಲೇ ನಿಂತು ಕೈ ಮುಂದೆ ಚಾಚಿದರು. ನಾನು ಎದ್ದು ನಿಂತು, ಆ ಮೂವರ ಮುಂದೆ ಕೇಳಿದೆ: "ಸಾರ್, ನನ್ ಕೆಲ್ಸ ಮುಗೀತು. ನಾನು ಹೊರಡ್ಲಾ?"

ಇವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ನನ್ನ ಕಣ್ಣನ್ನೇ ನೋಡಿದರು. ಅಲ್ಲಿ ಅವರು ಗಂಡ ಅಲ್ಲವಲ್ಲ ಶುಭಾ, ಕಾರ್ಯದರ್ಶಿ. ನಾನು ಲೆಕ್ಚರರ್, ಅವರೇ ಬರೆಸಿದ್ದು. ನಗು ಮುಖದ ಮೇಲೆ ಹಾಗೇ ಇತ್ತು. "ಫೈಲು ಆಫೀಸಲ್ಲಿ ಕೊಟ್ಟು ಹೋಗಿ ಮೇಡಂ" ಅಂದರು. ನಾನು ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಆ ದೊಡ್ಡವರು ಕನ್ನಡಕ ತೆಗೆದು, "ಒರಿಜಿನಲ್ಸ್ ಯಾಕ್ರೀ ನೀವ್ ಇಟ್ಕೋತೀರ? ಹಂಗೆಲ್ಲ ಇಟ್ಕೋಬಾರ್ದು. ಅವ್ರ ಕಾಗದ ಅವ್ರ ಹತ್ರಾನೇ ಇರ್ಲಿ" ಅಂದರು.

ಇವರು ಕೈ ಹಿಂದಕ್ಕೆ ತೆಗೆದುಕೊಂಡರು. "ಹೊರಡಿ ಮೇಡಂ" ಅಂದರು.

ಹೊರಟೆ. ಗೇಟಿನವರೆಗೆ ನಿಧಾನವಾಗಿ ನಡೆದೆ, ಆಮೇಲೆ ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಕೈವಾರದ ಕ್ರಾಸಿನವರೆಗೂ ಹಿಂದೆ ಸ್ಕೂಟರ್ ಬರುತ್ತಿದೆಯೇನೋ ಅಂತ ಕಿಟಕಿಯಿಂದ ನೋಡುತ್ತಲೇ ಇದ್ದೆ. ಆ ಸುಳ್ಳಿಗೆ ಏಳು ವರ್ಷ ಸೀರೆ ಉಟ್ಟು ಕೂತವಳು ನಾನೂ ಹೌದು. ಅದರ ಬಗ್ಗೆ ಹೆಮ್ಮೆಯಿಲ್ಲ.

ಅತ್ತೆಯನ್ನು ನೆನೆದರೆ ಅಳು ಬರುತ್ತದೆ. ಬೆಳಿಗ್ಗೆ ಸೆರಗು ಸರಿಮಾಡಿಕೊಂಡು ಹೇಳಿಬರಲು ಹೋದರೆ ಬಹಳ ಹೊತ್ತು ಕೈ ಹಿಡಿದುಕೊಂಡಿದ್ದರು. "ಪೋ ತಲ್ಲಿ, ಹೋಗು ತಾಯಿ. ಸಂಜೆ ಕಾಫಿ ನಾನೇ ಮಾಡ್ಕೋತೀನಿ ಬಿಡು" ಅಂದರು. ಯುಗಾದಿಯಿಂದ ಹಾಸಿಗೆ ಬಿಟ್ಟು ಏಳದವರು. ಅವರಿಗೆ ಗೊತ್ತಿತ್ತಾ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಅವರ ಮೇಲೆ ನಾನು ಬರೆದ ದೂರುಗಳನ್ನೆಲ್ಲ ಹರಿದುಹಾಕು.

ಹದಿನೈದನೇ ತಾರೀಖು ಸೋಮವಾರ ಗೌರಿಬಿದನೂರಿನಲ್ಲಿ ಸಂದರ್ಶನ. ಆ ಹುದ್ದೆ ಇನ್ನೂ ಖಾಲಿಯೇ ಇದೆಯಂತೆ, ದೊಡ್ಡಮ್ಮ ಫೋನು ಮಾಡಿಸಿ ಕೇಳಿದಳು. ಕೊಡುತ್ತಾರೋ ಬಿಡುತ್ತಾರೋ. ಇವರು ಎಂದು ಬರುತ್ತಾರೋ ಎಂಬ ಭಯವೂ ಇದೆ, ಕೆಳಗೆ ಬಾಗಿಲು ತಟ್ಟಿದರೆ ಫೈಲನ್ನು ಹಾಸಿಗೆಯಡಿಗೆ ತಳ್ಳುತ್ತೇನೆ. ಇಲ್ಲಿ ಬೀದಿಯೆಲ್ಲ ರೇಷ್ಮೆ ಗೂಡು ಬೇಯಿಸುವ ನಾತ, ನೀರು ಉಪ್ಪು, ದೊಡ್ಡಮ್ಮನ ಗೊರಕೆ ಮಹಡಿಗೂ ಕೇಳುತ್ತದೆ. ನೋಡು, ದೂರು ಮತ್ತೆ ಶುರುವಾಯಿತು. ಈ ಸಲ ನಿನಗೆ ಓದಲು ಬರುತ್ತದೆ ಅಂದುಕೊಂಡಿದ್ದೇನೆ.

ಅಪ್ಪನಿಗೆ ನೀನೇ ಫೋನು ಮಾಡಿ ಹೇಳು. ನಾನು ಉಟ್ಟ ಸೀರೆಯಲ್ಲಿ ಬಂದಿದ್ದೇನೆ, ಕೈಯಲ್ಲಿ ಆ ನೀಲಿ ಫೈಲು ಬಿಟ್ಟರೆ ಏನೂ ಇಲ್ಲ. ಅಮ್ಮನ ಹಳೆಯ ಎರಡು ನೂಲಿನ ಸೀರೆ ಪೆಟ್ಟಿಗೆಯಲ್ಲಿರಬೇಕು. ಅಟ್ಟದಿಂದ ಆ ಸೂಟ್‌ಕೇಸು ಇಳಿಸಿ ಹದಿನಾಲ್ಕರ ಭಾನುವಾರದೊಳಗೆ ಬರಲಿ. ಈ ಸಲ ಖಾಲಿ ತರಬೇಡಿ ಅನ್ನು.

ಕನಕಲಕ್ಷ್ಮಿ, ಎಂ.ಕಾಂ.